ಲಾಂಡ್ರಿನಾಕ್ಕೆ ಇಪ್ಪತ್ನಾಲ್ಕು ನಿಮಿಷ

ಮೈಸೂರಿನ ಮಂಡಕಳ್ಳಿಯಿಂದ ಬ್ರೆಜಿಲ್ ದೇಶದ ಲಾಂಡ್ರಿನಾಕ್ಕೆ ಹದಿನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ವಿಮಾನ ಇಪ್ಪತ್ನಾಲ್ಕು ನಿಮಿಷದಲ್ಲಿ ಅಲ್ಲಿ ಹೋಗಿ ಇಳಿಯುತ್ತದೆ. ನನ್ನ ಮನೆಯಿಂದ ಮಂಡಕಳ್ಳಿಗೆ ಬರಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಎಲ್ಲ ನಂಜನಗೂಡು ರಸ್ತೆಯ ಕೃಪೆ. ಕೇಳಿದವರೆಲ್ಲ "ಎಂಥಾ ಕಾಲ ಬಂತಪ್ಪಾ!" ಎಂದು ಮೂಗಿನ ಮೇಲೆ ಬೆರಳಿಡುತ್ತಾರೆ. ಒಳಗೆ ಕೂತು ಹೋಗಿಬಂದವರು ಮಾತ್ರ ಹಾಗೆನ್ನುವುದಿಲ್ಲ. ಅವರಿಗೆ ಅದು ಹದಿನಾರು ಗಂಟೆಯ ಪ್ರಯಾಣ.

ಅದು ಹೇಗೆ ಎಂದು ನನ್ನನ್ನು ಕೇಳದ ನೆಂಟರಿಲ್ಲ. ನಾನು ಮಂಡಕಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ನೆರಿಗೆ ವಿಭಾಗ ನೋಡಿಕೊಳ್ಳುವವನು, ಹೆಸರು ನಂಜುಂಡಸ್ವಾಮಿ. ಮದುವೆಮನೆಗೆ ಹೋದರೆ ಊಟಕ್ಕೆ ಮೊದಲು ಇದನ್ನು ವಿವರಿಸಲೇಬೇಕು. ಸೀರೆಯ ನೆರಿಗೆ ಹಿಡಿಯುವುದನ್ನು ನೋಡಿದ್ದೀರಲ್ಲ? ಮಾರುದ್ದ ಬಟ್ಟೆ ಕೈಯೊಳಗೆ ಮಡಿಸಿ ಬಂದಾಗ ಮೊದಲ ಮಡಿಕೆಗೂ ಕೊನೆಯ ಮಡಿಕೆಗೂ ನಡುವೆ ಎರಡು ಬೆರಳಿನಷ್ಟು ಜಾಗ. ಹೊರಗಿನಿಂದ ನೋಡುವವರಿಗೆ ಎರಡೂ ಅಕ್ಕಪಕ್ಕ. ಆದರೆ ಆ ಬಟ್ಟೆಯ ಮೇಲೆ ಒಂದು ಇರುವೆ ಹೊರಟರೆ ಅದು ಪ್ರತಿ ಮಡಿಕೆಯನ್ನೂ ಹತ್ತಿ ಇಳಿದು ಪೂರಾ ಬಟ್ಟೆ ನಡೆಯಲೇಬೇಕು. ನಾವು ಆಕಾಶಕ್ಕೆ ಹಾಗೆ ನೆರಿಗೆ ಹಿಡಿಯುತ್ತೇವೆ. ಭೂಮಿಯ ಮೇಲಿರುವ ನಮಗೆ ಇಪ್ಪತ್ನಾಲ್ಕು ನಿಮಿಷ, ಒಳಗಿರುವ ಇರುವೆಗೆ ಅಷ್ಟೂ ದಾರಿ. ನೆರಿಗೆಯ ಸೆಳೆತವೇ ವಿಮಾನವನ್ನು ಎಳೆದೊಯ್ಯುವುದರಿಂದ ಇಂಧನದ ಚಿಂತೆಯಿಲ್ಲ. ದೀಪಕ್ಕೆ, ಒಲೆಗೆ, ತಂಪಿಗೆ ಮಾತ್ರ ಬ್ಯಾಟರಿ. ಒಳಗೆ ಹೋದ ಮೇಲೆ ಹೊರಗಿನವರೊಂದಿಗೆ ಮಾತುಕತೆ ಇಲ್ಲ.

ಹಾಗಿದ್ದ ಮೇಲೆ ಪ್ರಯೋಜನವೇನು ಎಂದರೆ, ಹೊರಗಿನ ಕೆಲಸ ಯಾವುದೂ ನಿಲ್ಲುವುದಿಲ್ಲ. ಬೆಳಿಗ್ಗೆ ಇಲ್ಲಿ ಮೊಕದ್ದಮೆ ಮುಗಿಸಿ ಮಧ್ಯಾಹ್ನ ಅಲ್ಲಿ ವಾದಿಸುವ ವಕೀಲರಿದ್ದಾರೆ. ಪರೀಕ್ಷೆಗೆ ಓದದೆ ಉಳಿದ ಹುಡುಗರು ಸುಮ್ಮನೆ ಟಿಕೆಟ್ ತೆಗೆದು ಹತ್ತಿ, ಹದಿನಾರು ಗಂಟೆ ಓದಿ ಇಳಿಯುತ್ತಾರೆ. ಜಗಳವಾಡಿದ ಗಂಡ ಹೆಂಡಿರನ್ನು ಮನೆಯವರೇ ಒಟ್ಟಿಗೆ ಕೂರಿಸಿ ಕಳಿಸಿದ್ದೂ ಉಂಟು. ಅದರಲ್ಲಿ ಅರ್ಧ ಜನ ರಾಜಿಯಾಗಿ ಬಂದರು, ಉಳಿದ ಅರ್ಧ ಜನ ಬೇರೆ ಬೇರೆ ವಿಮಾನದಲ್ಲಿ ವಾಪಸಾದರು.

ನನ್ನ ಹೆಂಡತಿ ಗೌರಾಂಬಿಕೆ ಕೊಳ್ಳೇಗಾಲದವಳು, ರೇಷ್ಮೆ ವಿಜ್ಞಾನಿ. ನಮ್ಮ ಮೈಸೂರು ತಳಿಯ ರೇಷ್ಮೆಹುಳದಿಂದ ಬಿಸಿಲಿಗೂ ರೋಗಕ್ಕೂ ಜಗ್ಗದ ಹೊಸ ತಳಿಯೊಂದನ್ನು ಹತ್ತು ವರ್ಷ ಕೂತು ತೆಗೆದಿದ್ದಳು. ಲಾಂಡ್ರಿನಾದ ಸುತ್ತಮುತ್ತ ನಮ್ಮ ಕೊಳ್ಳೇಗಾಲದಂತೆಯೇ ಮನೆಮನೆಯಲ್ಲಿ ಹುಳ ಸಾಕುತ್ತಾರೆ. ಎರಡು ಬೆಳೆ ಸತತವಾಗಿ ರೋಗಕ್ಕೆ ಹೋಗಿ ಅವರ ಹುಳುಮನೆಗಳೆಲ್ಲ ಬರಿದಾಗಿದ್ದವು. ಈ ಸಲವೂ ಗೂಡು ಬಾರದಿದ್ದರೆ ಹಿಪ್ಪುನೇರಳೆ ತೋಟ ಕಿತ್ತು ಸೋಯಾ ಹಾಕುವುದೆಂದು ಅಲ್ಲಿನ ಸಾಕಾಣಿಕೆದಾರರ ಸಂಘ ತೀರ್ಮಾನಿಸಿತ್ತು. ಕೊನೆಯ ಪ್ರಯತ್ನವೆಂದು ಗೌರಾಳ ಮೊಟ್ಟೆ ತರಿಸಿಕೊಳ್ಳುತ್ತಿದ್ದರು. ಅವಳ ಬಳಿ ಇದ್ದ ಮೊಟ್ಟೆಯೆಲ್ಲ ಒಂದೇ ಪೆಟ್ಟಿಗೆಯಲ್ಲಿತ್ತು.

ಆ ಪೆಟ್ಟಿಗೆ ನಮ್ಮ ಮಲಗುವ ಕೋಣೆಯಲ್ಲಿತ್ತು, ನಾನು ಹಜಾರದ ಸೋಫಾದಲ್ಲಿದ್ದೆ. ಕೋಣೆಯಲ್ಲಿ ಒದ್ದೆ ಗೋಣಿ ತೂಗುಹಾಕಿ, ಹದವಾದ ತಂಪು ಮಾಡಿ, ಕಿಟಕಿಗೆ ಕರಿಬಟ್ಟೆ ಕಟ್ಟಿದ್ದಳು. ಘಾಟು ತಾಗಬಾರದೆಂದು ವಾರವಿಡೀ ಅಡುಗೆಮನೆಯಲ್ಲಿ ಒಗ್ಗರಣೆ ಇಲ್ಲ. ಒಗ್ಗರಣೆ ಇಲ್ಲದ ಸಾರು ಉಂಡು ನಾಲಿಗೆ ಸತ್ತುಹೋಗಿತ್ತು.

"ನಂಗೂ ಇಷ್ಟು ಉಪಚಾರ ಯಾವತ್ತಾದ್ರೂ ಮಾಡಿದ್ದೀಯಾ?" ಎಂದು ಹೊರಡುವ ದಿನ ಬೆಳಿಗ್ಗೆ ಕೇಳಿದೆ.

"ನೀವು ಮೊಟ್ಟೆ ಒಡ್ದು ಹೊರಗೆ ಬಂದು ಎಷ್ಟೋ ವರ್ಷ ಆಯ್ತಲ್ರೀ. ಬಾಗ್ಲು ಹಾಕಿ, ಬೆಳಕು ಬೀಳ್ತಿದೆ" ಎಂದಳು.

ಆಮೇಲೆ ನನ್ನನ್ನು ಒಳಗೆ ಕರೆದು ಒಂದು ಮೊಟ್ಟೆಹಾಳೆ ತೋರಿಸಿದಳು. ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಅಂದು ನೀಲಿಗೆ ತಿರುಗುತ್ತಿದ್ದವು. ನೀಲಿಯಾದರೆ ಒಳಗೆ ಹುಳ ಸಿದ್ಧ ಎಂದರ್ಥ, ಇನ್ನು ಒಂದೂವರೆ ದಿನ ಕಳೆದರೆ ಒಡೆದು ಹೊರಬರುತ್ತವೆ. ಹುಟ್ಟಿದ ಹುಳಕ್ಕೆ ಎಳೆಯ ಹಿಪ್ಪುನೇರಳೆ ಸೊಪ್ಪು ಬೇಕು, ಬೇರೇನನ್ನೂ ಅದು ಮೂಸುವುದಿಲ್ಲ. ಸಿಗದಿದ್ದರೆ ಒಂದು ದಿನವೂ ಬಾಳುವುದಿಲ್ಲ. ವಿಮಾನದಲ್ಲಿ ಸೊಪ್ಪು ಒಯ್ಯಲು ಆ ದೇಶದ ಕಾನೂನು ಬಿಡುವುದಿಲ್ಲ. ಆದರೂ ಗೌರಾಳ ಲೆಕ್ಕ ಸರಿಯಾಗಿತ್ತು: ಹದಿನಾರು ಗಂಟೆ ನೆರಿಗೆಯಲ್ಲಿ ಕಳೆದರೂ ಇಳಿದು, ಹುಳುಮನೆಗೆ ಹೋಗಿ, ಹಾಳೆ ಹರಡುವಷ್ಟು ಹೊತ್ತು ಧಾರಾಳವಾಗಿ ಉಳಿಯುತ್ತಿತ್ತು.

ಲೆಕ್ಕಕ್ಕೆ ಸಿಗದೆ ಉಳಿದದ್ದು ಸುಂದ್ರಮ್ಮ.

ಅಲ್ಲಿಯವರಿಗೆ ನಮ್ಮ ತಳಿ ಸಾಕುವ ಕ್ರಮ ತೋರಿಸಲು ಕೊಳ್ಳೇಗಾಲದ ಕಡೆಯ ಹನ್ನೆರಡು ಜನ ಸಾಕಾಣಿಕೆದಾರರು ಗೌರಾಳ ಜೊತೆ ಹೊರಟಿದ್ದರು. ಅವರ ಯಜಮಾನಿಕೆ ಸುಂದ್ರಮ್ಮನದು. ಮೂವತ್ತು ವರ್ಷದಿಂದ ಹುಳ ಸಾಕಿದ ಹೆಂಗಸು, ಮಾತು ಕಡಿಮೆ, ಹಟ ಜಾಸ್ತಿ. ಅಂದು ಮಂಗಳವಾರ. ವಿಮಾನ ಹೊರಡಬೇಕಾದದ್ದು ನಾಲ್ಕಕ್ಕೆ. ಮಂಗಳವಾರ ಮೂರರಿಂದ ನಾಲ್ಕೂವರೆವರೆಗೆ ರಾಹುಕಾಲ. ಇಂಥ ಶುಭಕಾರ್ಯಕ್ಕೆ, ಅದೂ ಹುಳದ ವಿಷಯದಲ್ಲಿ, ರಾಹುಕಾಲದಲ್ಲಿ ಕಾಲು ತೆಗೆದಿಡುವುದುಂಟೇ? ಬಾಯಿಬಿಟ್ಟು ಹೇಳಿದರೆ ಗೌರಾ ಗದರುತ್ತಾಳೆ. ಹಾಗಾಗಿ ಸುಂದ್ರಮ್ಮ ತಪಾಸಣೆಯ ತಟ್ಟೆಯಲ್ಲಿಟ್ಟ ಕಾಲುಂಗುರ ಕಳೆದುಹೋಯಿತೆಂದು ಕೂತುಬಿಟ್ಟಳು. ಹನ್ನೆರಡು ಜನವೂ ನೆಲದ ಮೇಲೆ ಬಗ್ಗಿ ಹುಡುಕಿದರು. ಭದ್ರತಾ ಸಿಬ್ಬಂದಿಯೂ ಹುಡುಕಿದರು. ನಾಲ್ಕೂವರೆ ದಾಟಿದ ಕೂಡಲೇ ಕಾಲುಂಗುರ ಅವಳ ಸೆರಗಿನ ಗಂಟಿನಲ್ಲೇ ಸಿಕ್ಕಿತು.

ನೆರಿಗೆ ತೆರೆದಿರುವ ಅವಧಿ ಒಂದು ಗಂಟೆ. ಶುರುವಿನಲ್ಲಿ ನೆರಿಗೆ ಬಿಗಿಯಾಗಿರುತ್ತದೆ, ಕೊನೆಕೊನೆಗೆ ಸ್ವಲ್ಪ ಸಡಿಲಾಗಿ ಒಳಗಿನ ದಾರಿ ಉದ್ದವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ಗಂಟೆ ಹೆಚ್ಚಾಗುತ್ತಿತ್ತು, ಅಷ್ಟೆ. ಅವಧಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ವಿಮಾನಕ್ಕೆ ಅನುಮತಿ ಸಿಕ್ಕಿತು. ವಿಮಾನ ಮೇಲೇರಿ, ಚಾಮುಂಡಿಬೆಟ್ಟದ ಮೇಲೆ ಒಮ್ಮೆ ಮಿಂಚಿ, ಪರದೆಯಿಂದ ಮಾಯವಾಯಿತು.

ನಾನು ಚಹಾ ತರಿಸಿಕೊಂಡು ಕುರ್ಚಿಗೆ ಒರಗುವಷ್ಟರಲ್ಲಿ ನೆರಿಗೆಯ ಉದ್ದ ತೋರಿಸುವ ಅಂಕಿ ಏರತೊಡಗಿತು. ಹದಿನಾಲ್ಕು ಸಾವಿರದಲ್ಲಿ ನಿಲ್ಲಬೇಕಾದದ್ದು ಇಪ್ಪತ್ತಕ್ಕೆ ಹೋಯಿತು, ಮೂವತ್ತು ದಾಟಿತು. ಮೂವತ್ತಾರು ಸಾವಿರಕ್ಕೆ ಬಂದು ನಿಂತಿತು. ಅಷ್ಟು ಸಡಿಲವಾದ ನೆರಿಗೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಜನಕ್ಕೆ ಅಪಾಯವಿರಲಿಲ್ಲ, ಮೂರು ದಿನಕ್ಕಾಗುವಷ್ಟು ಆಹಾರ, ನೀರು, ಗಾಳಿ ಯಾವಾಗಲೂ ಇರುತ್ತದೆ. ಆದರೆ ಮೂವತ್ತಾರು ಸಾವಿರ ಕಿಲೋಮೀಟರ್ ಎಂದರೆ ಒಳಗೆ ನಲವತ್ತು ಗಂಟೆ. ಹುಳ ದಾರಿಯ ನಡುವೆ ಹುಟ್ಟಿ, ಸೊಪ್ಪಿಲ್ಲದೆ ಅಲ್ಲೇ ಸಾಯುತ್ತದೆ. ನನ್ನ ಗೌರಾ ಅದನ್ನು ಕಣ್ಣಾರೆ ನೋಡುತ್ತ ಕೂರಬೇಕು.

ಮುಂದೆ ವಿಮಾನದೊಳಗೆ ನಡೆದದ್ದನ್ನು ಗೌರಾಳೇ ನನಗೆ ಹೇಳಿದ್ದು. ಎಷ್ಟು ಸಲ ಹೇಳಿಸಿಕೊಂಡಿದ್ದೇನೆಂದರೆ ಈಗ ನಾನೇ ಅಲ್ಲಿದ್ದೆನೇನೋ ಅನ್ನಿಸುತ್ತದೆ.

ನೆರಿಗೆ ಹೊಕ್ಕ ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ದೇಚಮ್ಮ ಹೊರಗೆ ಬಂದು ವಿಷಯ ತಿಳಿಸಿದರು. ಕೊಡಗಿನ ಹೆಂಗಸು, ಸುತ್ತಿಬಳಸಿ ಮಾತಾಡುವವರಲ್ಲ. "ದಾರಿ ಉದ್ದ ಆಗಿದೆ. ನಲವತ್ತು ಗಂಟೆ. ಯಾರಿಗೂ ಏನೂ ಆಗಲ್ಲ. ಬ್ಯಾಟರಿ ಮಾತ್ರ ಹಿಡಿದು ಖರ್ಚು ಮಾಡ್ಬೇಕು. ದೀಪ ಅರ್ಧ, ಒಂದು ಹೊತ್ತು ಬಿಸಿ ಊಟ, ಫ್ರಿಜ್ ಬಂದ್" ಎಂದರು.

ಗೌರಾ ಎದ್ದುನಿಂತಳು. ನೀಲಿಗೆ ತಿರುಗಿದ ಮೊಟ್ಟೆಯನ್ನು ಕತ್ತಲಲ್ಲಿಟ್ಟು ಚಳಿಗೆ ಹಾಕಿದರೆ ಹುಳ ಒಳಗೇ ತಡೆದು ಮಲಗುತ್ತದೆ. ಎರಡು ದಿನ ಹಾಗೆ ತಡೆಯಬಹುದು. ನೆರಿಗೆಯ ಹೊರಗಾಗಿದ್ದರೆ ಮೇಲಿನ ಆಕಾಶದ ಚಳಿಯೇ ಸಾಕಿತ್ತು. ಒಳಗೆ ಆ ಚಳಿ ಇಲ್ಲ, ಗಾಳಿಯಾಡದ ಫ್ರಿಜ್ಜಿನಲ್ಲಿಟ್ಟರೆ ಮೊಟ್ಟೆ ಉಸಿರುಗಟ್ಟುತ್ತದೆ, ವಿಮಾನದ ಗಾಳಿಯನ್ನೇ ಯಂತ್ರದಿಂದ ತಂಪು ಮಾಡಬೇಕು. ಉಳಿದ ವಿದ್ಯುತ್ತನ್ನೆಲ್ಲ ಅದಕ್ಕೇ ಸುರಿದರೆ ಇಡೀ ವಿಮಾನವನ್ನು ಮಾಗಿಯ ಚಳಿಗೆ ತರಬಹುದಿತ್ತು. ಅಂದರೆ ದೀಪವಿಲ್ಲ, ಸಿನಿಮಾ ಪರದೆಯಿಲ್ಲ, ಬಿಸಿ ಊಟವಿಲ್ಲ, ಒಂದು ಲೋಟ ಕಾಫಿಯೂ ಇಲ್ಲ.

"ಅದನ್ನ ನಾನು ಆರ್ಡರ್ ಮಾಡೋಕಾಗಲ್ಲ ಮೇಡಂ" ಎಂದರು ದೇಚಮ್ಮ. "ಇವರೆಲ್ಲ ಒಪ್ಬೇಕು. ಒಬ್ರು ಬೇಡ ಅಂದ್ರೂ ಇಲ್ಲ."

ಎಪ್ಪತ್ತು ಜನ ಪ್ರಯಾಣಿಕರು. ಗೌರಾ ಎಲ್ಲರೆದುರು ನಿಂತು ಪೆಟ್ಟಿಗೆ ಎದೆಗವಚಿಕೊಂಡು ವಿಷಯ ಹೇಳಿದಳು. ಹೇಳುತ್ತಿರುವಾಗಲೇ ಅವಳಿಗೆ ಅಳು ಬಂತು. ಯಾರೋ ಒಬ್ಬರು ಹೊರಟದ್ದು ತಡವಾದದ್ದೇಕೆ ಎಂದು ಕೇಳಿದರು. ಎಲ್ಲರ ಕಣ್ಣೂ ಕ್ಯಾಪ್ಟನ್ ಕಡೆಗೆ ಹೋಯಿತು.

ಆಗ ಸುಂದ್ರಮ್ಮ ಎದ್ದಳು. "ಅವರನ್ನ ಯಾಕ್ ನೋಡೀರಿ? ನಾನೇ ಕಣಪ್ಪ. ಕಾಲುಂಗ್ರ ಎಲ್ಲೂ ಹೋಗಿರ್ಲಿಲ್ಲ. ರಾವುಗಾಲ ಕಳೀಲಿ ಅಂತ ಕೂತಿದ್ದಿ. ಹುಳಕ್ಕೆ ಒಳ್ಳೇದಾಗ್ಲಿ ಅಂತ್ಲೇ ಮಾಡ್ದಿ, ಹುಳಕ್ಕೇ ಮುಳುವಾಯ್ತು. ನನ್ನ ಬೇಕಾದ್ರೆ ಬಯ್ಯಿ, ಹೊಡೀರಿ. ಆ ಕೂಸುಗಳ ಮಾತ್ರ ಉಳುಸ್ಕೊಡಿ" ಎಂದು ಕೈಮುಗಿದಳು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬಾಕೆ, "ನಾನೂ ಶೌಚಾಲಯದಲ್ಲಿ ಅದಕ್ಕೇ ಕೂತಿದ್ದೆ ಬಿಡಿ" ಎಂದಳು. ವಿಮಾನ ತುಂಬ ನಗು. ಒಬ್ಬೊಬ್ಬರಾಗಿ ಕೈಯೆತ್ತತೊಡಗಿದರು. ಕೊನೆಗೆ ಕೈಯೆತ್ತದೆ ಉಳಿದವರು ಒಬ್ಬರೇ, ಲಾರೆನ್ಸ್ ಮಾಸ್ಟರು. ಮೈಸೂರಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರು, ಬ್ರೆಜಿಲ್ಲಿಗೆ ತರಬೇತಿಗೆ ಹೊರಟಿದ್ದರು. ದಾರಿಯಲ್ಲಿ ನೋಡಲೆಂದು ಹಳೆಯ ಪಂದ್ಯಗಳನ್ನೆಲ್ಲ ತುಂಬಿಸಿಕೊಂಡು ಬಂದಿದ್ದರು.

"ನಂಗೆ ಸೈನಸ್ ಇದೆ ರೀ" ಎಂದರು ಮಾಸ್ಟರು. "ಕಾಸು ಕೊಟ್ಟು ಹತ್ತಿದೀನಿ. ಹುಳಕ್ಕೋಸ್ಕರ ನಾನ್ಯಾಕೆ ನಡುಗ್ಬೇಕು?"

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಾಸ್ಟರು ಪೆಟ್ಟಿಗೆಯನ್ನು ನೋಡಿದರು, ಸುಂದ್ರಮ್ಮನನ್ನು ನೋಡಿದರು, ಮೂಗುಜ್ಜಿಕೊಂಡರು.

"ಅದ್ರಲ್ಲಿ ಎಷ್ಟು ಜನ ಇದಾರೆ?"

"ಎರಡು ಲಕ್ಷ" ಎಂದಳು ಗೌರಾ.

"ನಾವು ಎಪ್ಪತ್ತು. ಮೆಜಾರಿಟಿ ಅವ್ರದ್ದೇ ಆಯ್ತಲ್ಲ. ಆರಿಸ್ರಪ್ಪ ದೀಪ."

ಆರಿಸುವ ಮೊದಲು ಕೆಡುವ ಊಟವನ್ನೆಲ್ಲ ಒಟ್ಟಿಗೆ ಬಡಿಸಿ ಮುಗಿಸಿದರು. ಬಿಸಿಬೇಳೆಬಾತು, ಕೋಳಿ ಸಾರು, ಐಸ್‌ಕ್ರೀಮು ಎಲ್ಲ ಒಂದೇ ತಟ್ಟೆಗೆ. ಆಮೇಲೆ ಕಿಟಕಿಗಳ ಮುಚ್ಚಳ ಎಳೆದರು, ದೀಪ ಆರಿತು, ತಣ್ಣನೆ ಗಾಳಿ ಬೀಸತೊಡಗಿತು. ಮೊಬೈಲ್ ಹೊತ್ತಿಸುವಂತೆಯೂ ಇರಲಿಲ್ಲ.

ಇತ್ತ ಮಂಡಕಳ್ಳಿಯಲ್ಲಿ ನನಗೆ ಉಳಿದದ್ದು ಇಪ್ಪತ್ತು ನಿಮಿಷ. ಒಳಗೆ ಹೀಗೆಲ್ಲ ನಡೆಯುತ್ತಿರುವುದು ನನಗೇನು ಗೊತ್ತು? ಮೊಟ್ಟೆ ಒಡೆದು, ಹುಳ ಹಸಿದು ಹೊರಳಾಡುತ್ತಿವೆ ಎಂದೇ ನನ್ನ ಎಣಿಕೆ. ಕೊನೆಗೆ ಹುಟ್ಟಿದ ನಾಲ್ಕು ಹುಳವಾದರೂ ಬದುಕಿದ್ದಾವು, ಅವಕ್ಕೆ ವಿಮಾನದ ಬಾಗಿಲಲ್ಲೇ ಸೊಪ್ಪು ಸಿಕ್ಕರೆ ಸಾಕು ಎಂದುಕೊಂಡು ಲಾಂಡ್ರಿನಾದ ನಿಯಂತ್ರಣ ಕೊಠಡಿಗೆ ನೇರ ಫೋನು ಹಚ್ಚಿದೆ. ಅಲ್ಲಿದ್ದವನು ಅದೆಮಾರ್. ವರ್ಷಗಟ್ಟಲೆಯಿಂದ ದಿನಾ ಮಾತಾಡುವವರು ನಾವು, ಅದೂ ಬರೀ ವಿಮಾನದ ಮಾತು. ಅವನ ಪೋರ್ಚುಗೀಸನ್ನು ನನಗೂ ನನ್ನ ಕನ್ನಡವನ್ನು ಅವನಿಗೂ ಯಂತ್ರ ತಿರುಗಿಸಿ ಹೇಳುತ್ತಿತ್ತು.

"ಅದೆಮಾರ್, ರೇಷ್ಮೆ ಮೊಟ್ಟೆ ಬರ್ತಿದೆ, ವಿಮಾನ ಇಳಿಯೋ ಜಾಗಕ್ಕೆ ಹಿಪ್ಪುನೇರಳೆ ಸೊಪ್ಪು ಬೇಕು. ಎಳೇದು, ಕುಡಿ ಸೊಪ್ಪು. ಈಗಲೇ."

"ರನ್‌ವೇ ಹತ್ತಿರ ಸೊಪ್ಪು ತರುವ ಹಾಗಿಲ್ಲ, ಮಿತ್ರ. ನಿಯಮ."

"ಹೊರಗಿನ ದೇಶದ ಸೊಪ್ಪು ತರೋ ಹಾಗಿಲ್ಲ. ಇದು ನಿಮ್ಮೂರಿನದೇ ತಾನೆ?"

"ಮೊಟ್ಟೆ ತರುತ್ತಿರುವವರು ಯಾರು?" ಎಂದ.

"ನನ್ನ ಹೆಂಡ್ತಿ" ಎಂದೆ. ಆ ಎರಡು ಮಾತನ್ನು ಯಂತ್ರ ಅವನಿಗೆ ಹೇಗೆ ತಿರುಗಿಸಿತೋ ತಿಳಿಯದು. ಅವನು ಇನ್ನೊಂದು ಫೋನಿನಲ್ಲಿ ಯಾರಿಗೋ ಗಟ್ಟಿಯಾಗಿ ಕೂಗುವುದು ಕೇಳಿಸಿತು. ಸಂಘದ ಹಿರಿಯಳಾದ ಶಿಜುಕೊ ಎಂಬಾಕೆ ಸ್ವಾಗತಕ್ಕೆಂದು ಆಗಲೇ ವಿಮಾನ ನಿಲ್ದಾಣಕ್ಕೆ ಬಂದಿದ್ದಳು. ಜಪಾನಿನಿಂದ ವಲಸೆ ಬಂದು ಅಲ್ಲಿ ರೇಷ್ಮೆ ಶುರುಮಾಡಿದವರ ಮೊಮ್ಮಗಳು. ಅವಳ ತೋಟ ಹತ್ತು ಕಿಲೋಮೀಟರ್ ಆಚೆ. ಬೆಳಗಿನ ಎಂಟು ಗಂಟೆಯ ರಸ್ತೆಯಲ್ಲಿ ಅಲ್ಲಿಂದ ಸೊಪ್ಪು ಹೇರಿಕೊಂಡು ಅವಳ ಪಿಕಪ್ ಗಾಡಿ ಹೊರಟಿದೆ ಎಂದು ಅದೆಮಾರ್ ಹೇಳಿದ. ಮೂವತ್ತಾರು ಸಾವಿರ ಕಿಲೋಮೀಟರಿಗೂ ಈ ಹತ್ತು ಕಿಲೋಮೀಟರಿಗೂ ಪಂದ್ಯ ಬಿದ್ದಿತ್ತು, ನಾನು ಗಡಿಯಾರ ನೋಡುತ್ತ ಉಗುರು ಕಚ್ಚುತ್ತ ಕೂತೆ. ನಿಜ ಹೇಳಬೇಕೆಂದರೆ ನನ್ನ ಜೀವಮಾನದಲ್ಲೇ ಅಷ್ಟು ಉದ್ದದ ಹೊತ್ತು ನಾನು ಕಂಡಿಲ್ಲ, ಆದರೆ ಇದನ್ನು ಗೌರಾಳ ಮುಂದೆ ಹೇಳಿದರೆ ನಗುತ್ತಾಳೆ.

ಅವಳ ನಲವತ್ತು ಗಂಟೆ ಬೇರೆಯೇ ತೆರನಾಗಿತ್ತು. ಮೊದಲು ಎಲ್ಲರೂ ಗೊಣಗಿದರು, ಸೀನಿದರು. ಆಮೇಲೆ ಕೊಳ್ಳೇಗಾಲದವರು ಕೈಚೀಲದಿಂದ ಕಂಬಳಿ ತೆಗೆದು ಪಕ್ಕದವರಿಗೂ ಹೊದಿಸಿದರು. ಮೊಟ್ಟೆ ಒಣಗಬಾರದು, ಚಳಿಯ ಜೊತೆ ತೇವವೂ ಇರಬೇಕು ಎಂದು ಗೌರಾ ಟವೆಲ್ಲುಗಳನ್ನು ಒದ್ದೆ ಮಾಡಿ ಪೆಟ್ಟಿಗೆಯ ಸುತ್ತ ತೂಗುಹಾಕಿದಳು. ಮೈ ಮರಗಟ್ಟಿದಾಗ ಲಾರೆನ್ಸ್ ಮಾಸ್ಟರು ಕತ್ತಲಲ್ಲೇ ಸೀಟಿ ಊದಿ ಎಲ್ಲರನ್ನೂ ನಿಂತಲ್ಲೇ ಕುಣಿಸುತ್ತಿದ್ದರು. ಅವರ ಸೈನಸ್ಸಿಗೆ ಸುಂದ್ರಮ್ಮ ತನ್ನ ಉಣ್ಣೆ ಶಾಲನ್ನು ತಲೆಗೆ ಸುತ್ತಿ ಕಟ್ಟಿದ್ದಳು. ಮುಖ ಕಾಣದ ಕತ್ತಲಲ್ಲಿ ಜನ ಎಷ್ಟು ಸಲೀಸಾಗಿ ಮಾತಾಡಿದರೆಂದರೆ, ವಕೀಲರೊಬ್ಬರು ತಾವು ಸೋತ ಮೊಕದ್ದಮೆಗಳ ಕಥೆಯನ್ನೆಲ್ಲ ಹೇಳಿದರು. ಅಂತ್ಯಾಕ್ಷರಿ ಆಡಿ ಹಾಡು ಮುಗಿದು, ಕೊನೆಗೆ ಮಾದಪ್ಪನ ಪದಕ್ಕೆ ಬಂದರು. ಗೌರಾ ಅಷ್ಟು ಸುಖವಾಗಿ ಯಾವ ಪ್ರಯಾಣವನ್ನೂ ಮಾಡಿರಲಿಲ್ಲವಂತೆ, ಎದೆಯೊಳಗೆ ಆ ಒಂದು ಭಯ ಇಲ್ಲದಿದ್ದರೆ.

ಆ ಭಯ ಏನೆಂದರೆ, ಚಳಿಯಲ್ಲಿ ತಡೆದ ಹುಳ ಎಚ್ಚರವಾದೀತೋ ಇಲ್ಲವೋ ಎಂಬುದು. ಈ ಹೊಸ ತಳಿಯನ್ನು ಅಷ್ಟು ಹೊತ್ತು ಚಳಿಗೆ ಹಾಕಿ ಯಾರೂ ನೋಡಿರಲಿಲ್ಲ. ಇಳಿಯುವ ಮೊದಲು ಕೊನೆಯ ಸಲ ಸಣ್ಣ ಕೆಂಪು ದೀಪ ಹಿಡಿದು ಮುಚ್ಚಳ ಸರಿಸಿದಳು. ಒಂದೂ ಒಡೆದಿರಲಿಲ್ಲ. ಎರಡು ಲಕ್ಷ ಚುಕ್ಕೆಗಳೂ ಅಲುಗದೆ ಬಿದ್ದಿದ್ದವು.

"ನಿದ್ದೆಯೋ ಸಾವೋ, ಹೆಂಗವ್ವ ತಿಳಿಯದು?" ಎಂದು ಸುಂದ್ರಮ್ಮ ಪಿಸುಗುಟ್ಟಿದಳು.

"ಬೆಳಕಿಗೆ ಹಿಡಿದ್ರೇ ತಿಳಿಯೋದು ಅಕ್ಕ" ಎಂದಳು ಗೌರಾ.

ಪರದೆಯ ಮೇಲೆ ವಿಮಾನದ ಗುರುತು ಮತ್ತೆ ಮೂಡಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ದೇಚಮ್ಮನವರ ದನಿ ಒಡೆದುಹೋಗಿತ್ತು, ಹಾಡಿ ಹಾಡಿ ಹಾಗಾಯಿತೆಂದು ಆಮೇಲೆ ತಿಳಿಯಿತು. ವಿಮಾನ ಇಳಿದು ನಿಂತಿತು. ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಗೌರಾ, ವಿಡಿಯೋ ಕರೆ. ತಲೆ ಕೆದರಿತ್ತು, ಕಣ್ಣು ಬೆಳಕಿಗೆ ಕಿರಿದಾಗಿತ್ತು, ತುಟಿ ಒಡೆದಿತ್ತು. ಅರ್ಧ ಗಂಟೆಯ ಹಿಂದೆ ನಾನು ಕಳಿಸಿಕೊಟ್ಟವಳು ಇವಳೇನಾ ಎನ್ನಿಸಿತು.

"ರೀ, ಮೆಟ್ಟಿಲ ಕೆಳಗೇ ಒಬ್ಬರು ಅಜ್ಜಿ ಸೊಪ್ಪಿನ ಬುಟ್ಟಿ ಹಿಡ್ಕೊಂಡು ನಿಂತಿದಾರೆ. ಒಳಗಿದ್ದ ನಾವು ಯಾರಿಗೂ ಹೇಳೇ ಇಲ್ಲ. ಇವ್ರಿಗೆ ಯಾರ್ ಹೇಳಿದ್ದು?"

"ನಾನೇ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು, ಮುಂಗೈಯಿಂದ ಕಣ್ಣೊರೆಸಿಕೊಂಡಳು, ಫೋನನ್ನು ಲಾರೆನ್ಸ್ ಮಾಸ್ಟರ ಕೈಗೆ ಕೊಟ್ಟು ಪೆಟ್ಟಿಗೆ ತೆರೆದಳು.

ವಿಮಾನದ ನೆರಳಿನಂಚಿನಲ್ಲಿ, ಎಳೆಬಿಸಿಲು ಬೀಳುವ ಜಾಗದಲ್ಲಿ ಬಟ್ಟೆ ಹಾಸಿ ಮೊಟ್ಟೆಹಾಳೆಗಳನ್ನು ಹರಡಿದರು. ಎಪ್ಪತ್ತು ಜನ ಸುತ್ತ ನಿಂತರು, ಒಬ್ಬರೂ ಅಲ್ಲಿಂದ ಕದಲಲಿಲ್ಲ. ಶಿಜುಕೊ ಚಪ್ಪಲಿ ಬಿಟ್ಟು, ಕೈತೊಳೆದು, ಮಂಡಿಯೂರಿ ಕೂತು ಸೊಪ್ಪನ್ನು ನೂಲಿನಷ್ಟು ಸಣ್ಣಗೆ ಹೆಚ್ಚತೊಡಗಿದಳು. ಹಾಳೆಯ ಮೇಲೆ ಏನೂ ಆಗಲಿಲ್ಲ. ಬಿಸಿಲು ಸ್ವಲ್ಪ ಮುಂದೆ ಸರಿಯಿತು. ಆಗಲೂ ಏನೂ ಆಗಲಿಲ್ಲ. ಶಿಜುಕೊಳ ಕೈಯಲ್ಲಿನ ಚಾಕು ನಿಂತಿತು. ಗೌರಾ ನೆಲಕ್ಕೆ ಮುಖ ತಾಗುವಷ್ಟು ಬಗ್ಗಿದ್ದಳು, ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಸುಂದ್ರಮ್ಮನೇ ಮೊದಲು ಕಂಡದ್ದು. "ಅವ್ವಾ, ಅಗಾ!"

ಹಾಳೆಯ ಮೂಲೆಯಲ್ಲಿ ಕಪ್ಪು ಎಳೆಯೊಂದು ತಲೆಯೆತ್ತಿ ಆಚೆ ಈಚೆ ತೂಗಿತು. ಅದರ ಪಕ್ಕ ಇನ್ನೊಂದು. ಆಮೇಲೆ ಎಣಿಸುವಂತಿರಲಿಲ್ಲ. ಚಳಿಯಲ್ಲಿ ಒಟ್ಟಿಗೆ ತಡೆದು ನಿಂತವು ಬೆಳಕು ಬಿದ್ದಾಗ ಒಟ್ಟಿಗೇ ಎದ್ದವು. ಯಾವ ಮೊಟ್ಟೆ ಕೇಂದ್ರದಲ್ಲೂ ಹುಳ ಹೀಗೆ ಒಂದೇ ಸಲಕ್ಕೆ ಹೊರಟದ್ದನ್ನು ಗೌರಾ ನೋಡಿರಲಿಲ್ಲ. ಹಾಳೆಗೆ ಹಾಳೆಯೇ ಕಪ್ಪಾಗಿ ಅಲುಗಾಡಿತು. ಶಿಜುಕೊ ಹಕ್ಕಿಗರಿಯಿಂದ ಅವನ್ನು ಮೆಲ್ಲನೆ ಸೊಪ್ಪಿನ ಮೇಲೆ ಸರಿಸಿದಳು, ಅವಳ ಕೆನ್ನೆ ತೋಯ್ದಿತ್ತು. ಹಸಿರಿನ ಮೇಲೆ ಸೂಜಿ ಚುಚ್ಚಿದಂಥ ತೂತುಗಳು ಬೀಳತೊಡಗಿದವು. ಫೋನು ಜೋರಾಗಿ ಅಲುಗಿತು, ಲಾರೆನ್ಸ್ ಮಾಸ್ಟರು ಅದನ್ನು ಹಿಡಿದುಕೊಂಡೇ ಎಗರಿ "ಗೋಲ್!" ಎಂದು ಕಿರುಚಿದ್ದರು.

ಗೌರಾ ತಿರುಗಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, ನನ್ನ ಸ್ಥಿತಿಯೂ ಅದೇ.

"ರೀ, ತಿಂತಿದಾವೆ ಕಣ್ರೀ! ಎಲ್ಲಾ ಒಟ್ಟಿಗೇ ಎದ್ಬಿಟ್ಟಿವೆ. ಈ ಬುಟ್ಟಿ ಯಾವ ಮೂಲೆಗೂ ಸಾಲಲ್ಲ. ನೋಡ್ತಾ ಕೂರ್ಬೇಡಿ, ಅದೆಮಾರ್‌ಗೆ ಹೇಳಿ, ಇನ್ನೂ ಸೊಪ್ಪು ಬೇಕು!"

ನಾನು ಲಾಂಡ್ರಿನಾದ ಫೋನು ಎತ್ತಿಕೊಂಡೆ.